ಫ್ರೀಝರ್‌ನಲ್ಲಿಟ್ಟ ನಾಷ್ಟಾ: ಯಾವುದು ಸರಿ, ಎಲ್ಲಿ ಅಪಾಯ

ಕರಾವಳಿಯ ನಮ್ಮ ಮನೆಗಳಲ್ಲಿ ಬೆಳಗ್ಗಿನ ಕೆಲಸ ಎರಡು ಪಾಳಿಯಲ್ಲಿ ನಡೆಯುತ್ತದೆ. ಫಜ್ರ್ ನಮಾಝ್ ಮುಗಿದ ಬೆನ್ನಿಗೇ ಮಕ್ಕಳನ್ನು ಎಬ್ಬಿಸಿ ಮದ್ರಸಕ್ಕೆ ಕಳುಹಿಸಬೇಕು. ಅವರು ಮರಳಿ ಬಂದು ಯೂನಿಫಾರ್ಮ್ ಹಾಕಿಕೊಳ್ಳುವಷ್ಟರಲ್ಲಿ ಶಾಲೆಯ ಬಸ್ಸು ರಸ್ತೆಯ ತಿರುವಿನಲ್ಲಿ ಹಾರ್ನ್ ಹಾಕುತ್ತಿರುತ್ತದೆ. ಈ ನಡುವೆ ಮನೆಯ ಗಂಡಸರ ಬುತ್ತಿ, ಹಿರಿಯರ ಮಾತ್ರೆ, ಸಣ್ಣ ಮಗುವಿನ ಹಾಲು. ಹೀಗಾಗಿ ಎಷ್ಟೋ ಮಕ್ಕಳು ಒಂದು ಲೋಟ ಚಹಾ, ನಾಲ್ಕು ಬಿಸ್ಕತ್ತು ಅಥವಾ ಒಂದು ಬನ್ನಿನ ಮೇಲೆ ಮಧ್ಯಾಹ್ನದ ತನಕ ದಿನ ದೂಡುತ್ತಾರೆ. ಹನ್ನೊಂದು ಗಂಟೆಗೆ ತಲೆನೋವು, ಹೊಟ್ಟೆಯಲ್ಲಿ ಸಂಕಟ, ತರಗತಿಯಲ್ಲಿ ತೂಕಡಿಕೆ ಎಂದು ನಮ್ಮಲ್ಲಿಗೆ ಕರೆತರುವ ಮಕ್ಕಳಲ್ಲಿ ಅನೇಕರಿಗೆ ಬೇಕಾಗಿರುವುದು ಔಷಧಿಯಲ್ಲ, ಸರಿಯಾದ ನಾಷ್ಟಾ.

ಇದಕ್ಕೆ ಪರಿಹಾರವಾಗಿ ಈಗ ಹಲವು ಸಹೋದರಿಯರು ರಜಾ ದಿನದಲ್ಲೇ ನಾಷ್ಟಾ ಮಾಡಿ ಫ್ರೀಝರ್‌ನಲ್ಲಿಡುವ ಪದ್ಧತಿ ಹಿಡಿದಿದ್ದಾರೆ. ಕೊಲ್ಲಿಯಲ್ಲಿರುವ ಕುಟುಂಬಗಳಲ್ಲಿ ಇದು ಮೊದಲಿನಿಂದಲೂ ಇತ್ತು. ಊರಿನಲ್ಲಿ ಈಗ ಹೆಚ್ಚುತ್ತಿದೆ. ಒಬ್ಬ ಯುನಾನಿ ವೈದ್ಯನ ಬಳಿ ಈ ಪ್ರಶ್ನೆ ಬರುವಾಗ ಕೇಳುವವರ ಮುಖದಲ್ಲಿ ಸ್ವಲ್ಪ ಅಳುಕು ಇರುತ್ತದೆ. "ಹಕೀಮರೇ, ಅತ್ತೆ ಇದನ್ನು ಬಾಸಿ ಊಟ ಅನ್ನುತ್ತಾರೆ, ಮಕ್ಕಳಿಗೆ ಕೊಡಬೇಡ ಅನ್ನುತ್ತಾರೆ. ಹೌದಾ?" ಅತ್ತೆಯ ಮಾತನ್ನು ತಳ್ಳಿಹಾಕುವಂತಿಲ್ಲ, ಸೊಸೆಯ ಅವಸರವನ್ನೂ ಅಲ್ಲಗಳೆಯುವಂತಿಲ್ಲ. ಆದುದರಿಂದ ಎರಡನ್ನೂ ಬಿಡಿಸಿ ನೋಡೋಣ.

ತಂಗಳು ಬೇರೆ, ಹೆಪ್ಪುಗಟ್ಟಿಸಿದ್ದು ಬೇರೆ

ಯುನಾನಿ ವೈದ್ಯಪದ್ಧತಿಯಲ್ಲಿ ಆರೋಗ್ಯಕ್ಕೆ ಆರು ಅನಿವಾರ್ಯ ಸಂಗತಿಗಳನ್ನು ಹೇಳುತ್ತಾರೆ. ಅಸ್ಬಾಬೆ ಸಿತ್ತಾ ಝರೂರಿಯ್ಯಾ ಎಂದು ಅದಕ್ಕೆ ಹೆಸರು. ಗಾಳಿ, ಆಹಾರ-ಪಾನೀಯ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ-ಎಚ್ಚರ, ದೇಹದಿಂದ ಹೊರಹೋಗಬೇಕಾದ್ದು ಮತ್ತು ಒಳಗೆ ಉಳಿಯಬೇಕಾದ್ದು. ಆಹಾರದ ವಿಷಯದಲ್ಲಿ ನಮ್ಮ ಹಿಂದಿನ ಹಕೀಮರು ಹೊಸದಾಗಿ ಬೇಯಿಸಿದ್ದಕ್ಕೇ ಮೊದಲ ಸ್ಥಾನ ಕೊಟ್ಟರು. ಅವರ ಕಾಲದಲ್ಲಿ ಆಹಾರ ಉಳಿಸಲು ಇದ್ದ ದಾರಿಗಳೆಂದರೆ ಒಣಗಿಸುವುದು, ಉಪ್ಪು ಹಾಕುವುದು, ಸಿರ್ಕಾದಲ್ಲಿ ನೆನೆಸುವುದು, ಜೇನು ಅಥವಾ ಸಕ್ಕರೆಯಲ್ಲಿ ಮುರಬ್ಬಾ ಮಾಡುವುದು. ಬೇಯಿಸಿದ ಅನ್ನ, ಮಾಂಸವನ್ನು ಸುಮ್ಮನೆ ಮುಚ್ಚಿಟ್ಟು ಮರುದಿನ ತಿನ್ನುವುದನ್ನು ಅವರು ಒಪ್ಪಲಿಲ್ಲ. ಆ ಎಚ್ಚರ ನೂರಕ್ಕೆ ನೂರು ಸರಿ. ನಮ್ಮ ಊರಿನ ಸೆಕೆಗೆ ರಾತ್ರಿಯ ಸಾರು ಬೆಳಿಗ್ಗೆಗೆ ಹುಳಿ ವಾಸನೆ ಹೊಡೆಯುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೆ ಆ ಅಭ್ಯಂತರ ಕೆಡುವುದರ ಬಗ್ಗೆ ಇದ್ದದ್ದು. ಆಹಾರ ಕೆಡುವುದು ಸೂಕ್ಷ್ಮಾಣುಗಳಿಂದ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಶಾಖ ಅವುಗಳಿಗೆ ಹೇಳಿ ಮಾಡಿಸಿದ ಹವೆ. ಮೈನಸ್ 18 ಡಿಗ್ರಿಯಲ್ಲಿ ಅವು ಬೆಳೆಯಲಾರವು. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಅಲ್ಲಿ ಅವು ಸಾಯುವುದಿಲ್ಲ, ಬಹುಪಾಲು ನಿದ್ರೆ ಮಾಡುತ್ತವೆ. ಹೊರಗೆ ತೆಗೆದು ಬೆಚ್ಚಗಾದ ಕೂಡಲೇ ಮತ್ತೆ ಎದ್ದು ಕೆಲಸ ಶುರುಮಾಡುತ್ತವೆ. ಹಾಗಾಗಿ ಫ್ರೀಝರ್ ಒಳ್ಳೆಯ ಆಹಾರವನ್ನು ಒಳ್ಳೆಯದಾಗಿ ಉಳಿಸುತ್ತದೆ. ಹಾಳಾಗಲು ಶುರುವಾದದ್ದನ್ನು ಸರಿ ಮಾಡುವುದಿಲ್ಲ. ಮಧ್ಯಾಹ್ನದ ಪಲ್ಯ ಸಂಜೆಯ ತನಕ ಒಲೆಯ ಪಕ್ಕ ಇದ್ದು, "ಇನ್ನು ಹಾಳಾಗುತ್ತೆ, ಫ್ರೀಝರಿಗೆ ಹಾಕು" ಎಂದು ಇಟ್ಟರೆ ಅದು ಬಾಸಿಯೇ. ಅತ್ತೆಯವರು ಹೇಳಿದ್ದು ಅದಕ್ಕೆ ಚೆನ್ನಾಗಿ ಅನ್ವಯಿಸುತ್ತದೆ.

ಇನ್ನೊಂದು ಪ್ರಶ್ನೆ ಮಿಝಾಜ್‌ನದ್ದು. ಮಂಜುಗಡ್ಡೆಯಲ್ಲಿಟ್ಟ ಆಹಾರದ ಗುಣ ತಂಪು ಆಗಿಬಿಡುತ್ತದೆಯೇ, ಶೀತ ಪ್ರಕೃತಿಯವರಿಗೆ, ಕಫ ಕಟ್ಟುವ ಮಕ್ಕಳಿಗೆ ಕೊಡಬಹುದೇ ಎಂದು ಕೇಳುತ್ತಾರೆ. ಯುನಾನಿಯಲ್ಲಿ ಬಿಲ್‌ಫಿಅಲ್ ಮತ್ತು ಬಿಲ್‌ಕುವ್ವತ್ ಎಂಬ ಎರಡು ಮಾತುಗಳಿವೆ. ಮುಟ್ಟಿದಾಗ ಈಗ ಸಿಗುವ ಬಿಸಿ ಅಥವಾ ತಂಪು ಮೊದಲನೆಯದು. ಹೊಟ್ಟೆಗೆ ಹೋದ ಮೇಲೆ ಆ ವಸ್ತು ತೋರುವ ಗುಣ ಎರಡನೆಯದು. ಕರಿಮೆಣಸನ್ನು ಫ್ರೀಝರ್‌ನಲ್ಲಿಟ್ಟರೆ ಮುಟ್ಟಲು ತಣ್ಣಗಿರುತ್ತದೆ, ಅದರ ಗುಣ ಉಷ್ಣವೇ. ಸೌತೆಕಾಯಿಯನ್ನು ಬಿಸಿ ಮಾಡಿದರೂ ಅದರ ಗುಣ ತಂಪೇ. ಫ್ರೀಝರ್‌ನ ತಂಪು ಮುಟ್ಟುವ ತಂಪು. ಹಬೆಯಲ್ಲಿಟ್ಟು ಬಿಸಿ ಮಾಡಿದಾಗ ಅದು ಹೋಗುತ್ತದೆ. ಆದರೆ ಅರೆಬರೆ ಬಿಸಿಯಾಗಿ ನಡುವೆ ತಣ್ಣಗಿರುವ ಪುಂಡಿಯನ್ನು ತಿಂದರೆ ಬೆಳಗ್ಗಿನ ಖಾಲಿ ಹೊಟ್ಟೆಗೆ ಅದು ಖಂಡಿತ ಭಾರ. ಎಲ್ಲಿ ಜೀರ್ಣಶಕ್ತಿ ಮಂದ ಇದೆಯೋ ಅಲ್ಲಿ ಶುಂಠಿ, ಜೀರಿಗೆ, ಪುದೀನಾ, ಕಾಳುಮೆಣಸಿನಂತಹ ಮುಸ್ಲಿಹ್ ಅನ್ನು, ಅಂದರೆ ಆಹಾರದ ದೋಷ ತಿದ್ದುವ ವಸ್ತುವನ್ನು, ಜೊತೆಗೆ ಸೇರಿಸುವ ನಮ್ಮ ರೂಢಿ ಇಲ್ಲೂ ಒಳ್ಳೆಯದು.

ಮೊದಲು ನಿಮ್ಮ ಫ್ರೀಝರ್ ಯಾವುದೆಂದು ನೋಡಿ

ಎಲ್ಲರ ಮನೆಯ ಫ್ರೀಝರ್ ಒಂದೇ ಅಲ್ಲ. ಒಂದೇ ಬಾಗಿಲಿನ ಫ್ರಿಜ್‌ನ ಒಳಗೆ ಮೇಲ್ಭಾಗದಲ್ಲಿ ಸಣ್ಣ ಮುಚ್ಚಳದ ಪೆಟ್ಟಿಗೆಯಿರುತ್ತದಲ್ಲ, ಅದು ಹಲವು ಬಾರಿ ಮೈನಸ್ 18ಕ್ಕೆ ಇಳಿಯುವುದೇ ಇಲ್ಲ, ಮುಖ್ಯವಾಗಿ ಮಂಜು ದಪ್ಪವಾಗಿ ಕಟ್ಟಿದ್ದಾಗ. ಬೇರೆ ಬಾಗಿಲಿರುವ ಫ್ರೀಝರ್ ಸಾಮಾನ್ಯವಾಗಿ ಆ ಮಟ್ಟ ಹಿಡಿಯುತ್ತದೆ. ಹೊರಗೆ ಅಂಟಿಸಿದ ಲೇಬಲ್‌ನ ನಕ್ಷತ್ರಗಳನ್ನು ನೋಡಿ ನಿರ್ಧರಿಸಬೇಡಿ. ಅವು ಕರೆಂಟಿನ ಉಳಿತಾಯಕ್ಕೆ ಕೊಟ್ಟವು, ತಂಪಿಗಲ್ಲ. ಸುಲಭ ಪರೀಕ್ಷೆ ಐಸ್‌ಕ್ರೀಮ್. ಒಂದು ರಾತ್ರಿ ಇಟ್ಟ ಐಸ್‌ಕ್ರೀಮ್ ಬೆಳಿಗ್ಗೆ ಕಲ್ಲಿನಂತೆ ಗಟ್ಟಿಯಿದ್ದರೆ ಸರಿ. ಚಮಚ ಸುಲಭವಾಗಿ ಇಳಿದರೆ ಆ ಫ್ರೀಝರ್‌ನಲ್ಲಿ ಬೇಯಿಸಿದ ಆಹಾರವನ್ನು ವಾರಕ್ಕಿಂತ ಹೆಚ್ಚು ಇಡಬೇಡಿ. ಗಟ್ಟಿ ಇರುವಲ್ಲಿ ಒಂದು ತಿಂಗಳು ಇಡಬಹುದು. ಇನ್ನೂ ಹೆಚ್ಚು ದಿನ ಇಟ್ಟರೆ ಅಪಾಯಕ್ಕಿಂತ ರುಚಿ ಕೆಡುವುದು ಮುಖ್ಯ. ಮೇಲೆ ಬಿಳಿ ಬಿಳಿಯಾಗಿ ಒಣಗಿ ತೆಂಗಿನಕಾಯಿ ಹಾಕಿದ್ದು ಮುಗ್ಗಲು ವಾಸನೆ ಬರುತ್ತದೆ. ನಾಷ್ಟಾಕ್ಕೆ ಮಾಡಿದ್ದನ್ನು ಎರಡು ವಾರದಲ್ಲಿ ಮುಗಿಸುವ ಲೆಕ್ಕ ಇಟ್ಟುಕೊಳ್ಳುವುದೇ ಜಾಣತನ.

ಜಾಗ ಇನ್ನೊಂದು ಸಮಸ್ಯೆ. ಬಕ್ರೀದ್ ಕಳೆದ ಮೇಲೆ ಹಲವು ಮನೆಗಳ ಫ್ರೀಝರ್‌ನಲ್ಲಿ ಕೈ ಹಾಕಲು ಸ್ಥಳವಿರುವುದಿಲ್ಲ. ಹಸಿ ಮಾಂಸದ ಪೊಟ್ಟಣಗಳ ನಡುವೆ, ಅದರ ರಕ್ತ ಒಸರಿ ಹೆಪ್ಪುಗಟ್ಟಿದ ಜಾಗದಲ್ಲಿ ಮಕ್ಕಳ ಇಡ್ಲಿ ತುರುಕಿದ್ದನ್ನು ನೋಡಿದ್ದೇನೆ. ಇದು ಬೇಡವೇ ಬೇಡ. ಬೇಯಿಸಿದ್ದು ಮೇಲಿನ ಅಂಕಣದಲ್ಲಿ, ಮುಚ್ಚಳದ ಡಬ್ಬದಲ್ಲಿ. ಹಸಿ ಮಾಂಸ, ಮೀನು ಕೆಳಗೆ, ಎರಡು ಕವರ್ ಹಾಕಿ, ಅಗಲದ ತಟ್ಟೆಯ ಮೇಲೆ. ಒಂದೇ ಅಂಕಣ ಇದ್ದರೆ ಮಾಂಸ ಖಾಲಿಯಾಗುವವರೆಗೆ ನಾಷ್ಟಾದ ಯೋಜನೆಯನ್ನು ಮುಂದೂಡಿ.

ಕವರ್ ವಿಷಯದಲ್ಲಿ ಅಂಗಡಿಯಿಂದ ಬಂದ ಬಣ್ಣದ ಕ್ಯಾರಿಬ್ಯಾಗ್, ವೃತ್ತಪತ್ರಿಕೆ ಎರಡನ್ನೂ ಬಿಡಿ. ಪತ್ರಿಕೆಯ ಶಾಯಿ ಆಹಾರಕ್ಕೆ ಇಳಿಯುತ್ತದೆ, ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವೂ ಇದರ ವಿರುದ್ಧ ಎಚ್ಚರಿಸಿದೆ. ಆಹಾರಕ್ಕೆಂದೇ ಇರುವ ದಪ್ಪ ಪಾರದರ್ಶಕ ಕವರ್ ಅಥವಾ ಗಟ್ಟಿ ಮುಚ್ಚಳದ ಡಬ್ಬ ಸಾಕು. ಪ್ರತಿ ಪೊಟ್ಟಣದ ಮೇಲೆ ಏನು, ಯಾವ ದಿನ ಎಂದು ಬರೆದು ಅಂಟಿಸಿ. ಹದಿನೈದು ದಿನ ಕಳೆದರೆ ಖೀಮಾ ಯಾವುದು, ಶಾಮಿಯ ಹಿಟ್ಟು ಯಾವುದು ಎಂದು ಮಾಡಿದವರಿಗೇ ಗುರುತು ಸಿಗುವುದಿಲ್ಲ.

ಯಾವುದು ಚೆನ್ನಾಗಿ ಉಳಿಯುತ್ತದೆ

ನಮ್ಮ ಅಡುಗೆಯಲ್ಲಿ ಇದಕ್ಕೆ ಅತ್ಯಂತ ಒಗ್ಗುವುದು ಹಬೆಯಲ್ಲಿ ಬೆಂದದ್ದು. ಪುಂಡಿಯನ್ನೇ ತೆಗೆದುಕೊಳ್ಳಿ. 3 ಕಪ್ ಕುಚ್ಚಲಕ್ಕಿಯನ್ನು ಐದಾರು ಗಂಟೆ ನೆನೆಸಿ, 1 ಕಪ್ ತೆಂಗಿನ ತುರಿಯೊಂದಿಗೆ ತರಿತರಿಯಾಗಿ ರುಬ್ಬಿ, ಬಾಣಲೆಯಲ್ಲಿ ಗಟ್ಟಿಯಾಗುವ ತನಕ ಮಗುಚಿ, ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸುವುದು ಎಲ್ಲರಿಗೂ ಗೊತ್ತು. ಫ್ರೀಝರ್‌ಗಾದರೆ ಉಂಡೆಯನ್ನು ಎಂದಿಗಿಂತ ಚಿಕ್ಕದು, ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟಿ. ಚಿಕ್ಕದಾದರೆ ಬೇಗ ತಣಿಯುತ್ತದೆ, ಬೇಗ ಹೆಪ್ಪುಗಟ್ಟುತ್ತದೆ, ಬೆಳಿಗ್ಗೆ ನಡುಭಾಗದವರೆಗೂ ಬೇಗ ಬಿಸಿಯಾಗುತ್ತದೆ. ಬೆಂದ ಮೇಲೆ ಒಂದಕ್ಕೊಂದು ತಾಗದಂತೆ ಅಗಲ ತಟ್ಟೆಯಲ್ಲಿ ಹರಡಿ, ಫ್ಯಾನ್ ಗಾಳಿಗೆ ತಣಿಸಿ, ತಟ್ಟೆ ಸಮೇತ ಎರಡು-ಮೂರು ಗಂಟೆ ಫ್ರೀಝರ್‌ನಲ್ಲಿಡಿ. ಗಟ್ಟಿಯಾದ ಮೇಲೆ ಕವರ್‌ಗೆ ತುಂಬಿಸಿ. ಹೀಗೆ ಮಾಡಿದರೆ ಒಂದಕ್ಕೊಂದು ಅಂಟುವುದಿಲ್ಲ, ನಾಲ್ಕು ಬೇಕಾದರೆ ನಾಲ್ಕೇ ತೆಗೆಯಬಹುದು. ಬೆಳಿಗ್ಗೆ ಕರಗಿಸುವ ಗೋಜಿಲ್ಲ. ನೀರು ಕುದಿಯುವ ಇಡ್ಲಿ ಪಾತ್ರೆಗೆ ನೇರವಾಗಿ ಹಾಕಿ 12ರಿಂದ 15 ನಿಮಿಷ. ಇಡ್ಲಿಯೂ ಹಾಗೆಯೇ, ಅದಕ್ಕೆ ಎಂಟು ನಿಮಿಷ ಸಾಕಾಗುತ್ತದೆ. ದೋಸೆ ಹಿಟ್ಟನ್ನು ಮಾತ್ರ ಫ್ರೀಝ್ ಮಾಡಬೇಡಿ, ಅದರ ಹುದುಗು ಸೊರಗುತ್ತದೆ. ಫ್ರಿಜ್‌ನ ಕೆಳಗಿನ ಭಾಗದಲ್ಲಿ ಮೂರು ದಿನ ಇಟ್ಟುಕೊಂಡು ಹೊಯ್ದರೆ ಸಾಕು.

ಚಪಾತಿ, ಪರಾಠಗಳನ್ನು ಕಾವಲಿಯ ಮೇಲೆ ಎರಡೂ ಬದಿ ಅರ್ಧ ಅರ್ಧ ನಿಮಿಷ, ಕಂದು ಕಲೆ ಬೀಳುವ ಮುನ್ನ ತೆಗೆದು, ಪೂರ್ತಿ ತಣಿಸಿ, ನಡುನಡುವೆ ಬಟರ್ ಪೇಪರ್ ಇಟ್ಟು ಕಟ್ಟಿಡಿ. ಬೆಳಿಗ್ಗೆ ಫ್ರೀಝರ್‌ನಿಂದ ನೇರವಾಗಿ ಕಾವಲಿಗೆ. ಬಿಸಿ ಇರುವಾಗಲೇ ಒಂದರ ಮೇಲೊಂದು ಪೇರಿಸಿದರೆ ಹಬೆಯ ನೀರು ಇಳಿದು ಹಸಿ ಹಿಟ್ಟಿನಂತಾಗುತ್ತದೆ. ಗೋಧಿ ಹಿಟ್ಟಿಗೆ ಮೆಂತೆ ಸೊಪ್ಪು, ನುಗ್ಗೆ ಸೊಪ್ಪು ಅಥವಾ ಬೇಯಿಸಿದ ಹೆಸರುಬೇಳೆ ಸೇರಿಸಿದ ಪರಾಠ ಮಕ್ಕಳಿಗೆ ಒಳ್ಳೆಯದು. ಅಂಗಡಿಯಲ್ಲಿ ಸಿಗುವ ಫ್ರೀಝರ್ ಪರಾಠವೂ ಇದೇ ಅಲ್ಲವೇ ಎಂದು ಕೇಳಬೇಡಿ. ಪೊಟ್ಟಣದ ಹಿಂಬದಿ ಓದಿ. ಮೊದಲ ಹೆಸರು ಮೈದಾ ಎಂದಿದ್ದರೆ, ಎರಡನೆಯದು ಎಣ್ಣೆ ಎಂದಿದ್ದರೆ ಅದು ಅಪರೂಪಕ್ಕೆ ತಿನ್ನುವ ವಸ್ತು.

ಪತ್ತಿರಿಯ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ತೆಳ್ಳಗಿನ ಅಕ್ಕಿರೊಟ್ಟಿ ಅಂಚಿನಲ್ಲಿ ಒಣಗಿ ಬಿರಿಯುತ್ತದೆ. ಅದರ ರುಚಿ ಇರುವುದೇ ಮೆತ್ತಗಿರುವುದರಲ್ಲಿ. ನೀರುದೋಸೆಗೂ ಇದೇ ಮಾತು. ಹಿಟ್ಟು ರುಬ್ಬಿಟ್ಟಿದ್ದರೆ ಬೆಳಿಗ್ಗೆ ಹತ್ತು ನಿಮಿಷದಲ್ಲಿ ಹೊಯ್ದು ಮುಗಿಯುತ್ತದೆ, ಫ್ರೀಝರ್ ಏಕೆ?

ಅಕ್ಕಿ-ಗೋಧಿ ಮಾತ್ರ ನಾಷ್ಟಾವಲ್ಲ. ಮಕ್ಕಳಿಗೆ ಹನ್ನೊಂದು ಗಂಟೆಗೆ ಹಸಿವಾಗುವುದು ಬೆಳಿಗ್ಗೆ ಬೇಳೆ, ಕಾಳು, ಮೊಟ್ಟೆ, ಮಾಂಸದಂತಹ ಪ್ರೊಟೀನ್ ಏನೂ ಸಿಗದೇ ಇರುವುದರಿಂದ. ಫ್ರೀಝರ್‌ನ ನಿಜವಾದ ಉಪಕಾರ ಇಲ್ಲಿದೆ ಎಂದು ನನ್ನ ಅಭಿಪ್ರಾಯ. ಕಡಲೆ, ಅಲಸಂಡೆ, ಕಾಬೂಲಿ ಕಡಲೆಗಳನ್ನು ನೆನೆಸಿ ಬೇಯಿಸುವುದು ಬೆಳಗ್ಗಿನ ಕೆಲಸವಲ್ಲ. ಅರ್ಧ ಕಿಲೋ ಒಮ್ಮೆಗೇ ಕುಕ್ಕರ್‌ನಲ್ಲಿ ಬೇಯಿಸಿ, ನೀರು ಬಸಿದು ತಣಿಸಿ, ಒಂದು ಹೊತ್ತಿಗೆ ಬೇಕಾದಷ್ಟನ್ನು ಕವರ್‌ನಲ್ಲಿ ಚಪ್ಪಟೆಯಾಗಿ ಹರಡಿ ಇಡಿ. ಉಂಡೆಯಾಗಿ ಇಟ್ಟರೆ ಹೆಪ್ಪುಗಟ್ಟಲೂ ತಡ, ಕರಗಲೂ ತಡ. ಪುಟ್ಟಿನೊಂದಿಗೆ ಕಡಲೆ ಗಸಿ ಮಾಡಲು ಆಗ ಹತ್ತೇ ನಿಮಿಷ.

ಖೀಮಾ ಕೂಡ ಚೆನ್ನಾಗಿ ಉಳಿಯುತ್ತದೆ. ಶಾಮಿ ಕಬಾಬ್ ಇನ್ನೂ ಚೆನ್ನ: ಅರ್ಧ ಕಿಲೋ ಖೀಮಾಕ್ಕೆ 125 ಗ್ರಾಂ ಕಡಲೆಬೇಳೆ, ಶುಂಠಿ, ಬೆಳ್ಳುಳ್ಳಿ, ಜೀರಿಗೆ, ಕಾಳುಮೆಣಸು ಹಾಕಿ ನೀರೆಲ್ಲ ಆರುವ ತನಕ ಬೇಯಿಸಿ, ರುಬ್ಬಿ, ಚಪ್ಪಟೆ ತಟ್ಟಿ, ಪುಂಡಿಯಂತೆ ತಟ್ಟೆಯಲ್ಲಿ ಗಟ್ಟಿಮಾಡಿ ಡಬ್ಬಕ್ಕೆ ತುಂಬಿಸಿ. ಮೊಟ್ಟೆಯನ್ನು ಹಿಟ್ಟಿಗೆ ಸೇರಿಸಬೇಡಿ. ತಿನ್ನುವ ದಿನ ಹೊರಗೆ ಅದ್ದಿ, ಸ್ವಲ್ಪ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಎರಡೂ ಬದಿ ಕಾಯಿಸಿ. ಒಂದು ಚಪಾತಿಯಲ್ಲಿ ಎರಡು ಶಾಮಿ, ಸ್ವಲ್ಪ ಈರುಳ್ಳಿ ಸುತ್ತಿ ಕೊಟ್ಟರೆ ಮಗು ಬಸ್ಸಿಗೆ ಕಾಯುತ್ತಲೂ ತಿನ್ನಬಹುದು, ಕುಳಿತು ತಿನ್ನುವುದೇ ಒಳ್ಳೆಯದಾದರೂ.

ತೆಂಗಿನ ತುರಿ, ಕೊತ್ತಂಬರಿ-ಪುದೀನಾ ಚಟ್ನಿ (ಮೊಸರು ಹಾಕದೆ, ಐಸ್ ತಟ್ಟೆಯ ಗುಳಿಗಳಲ್ಲಿ), ಶುಂಠಿ-ಬೆಳ್ಳುಳ್ಳಿ ಪೇಸ್ಟ್ ಇವೆಲ್ಲ ಇಡಬಹುದು. ಬೇಯಿಸಿದ ಮೊಟ್ಟೆಯ ಬಿಳಿಭಾಗ ರಬ್ಬರಿನಂತಾಗುತ್ತದೆ, ಮೊಸರು ಒಡೆಯುತ್ತದೆ, ಗಸಿಯಲ್ಲಿನ ಆಲೂಗಡ್ಡೆ ಪುಡಿಪುಡಿಯಾಗುತ್ತದೆ, ಟೊಮೆಟೊ-ಸೌತೆ ನೀರಾಗುತ್ತವೆ. ಉಪ್ಪಿಟ್ಟು, ಅವಲಕ್ಕಿಗಳನ್ನು ಇಡುವ ಅಗತ್ಯವೇ ಇಲ್ಲ.

ಫ್ರೀಝರ್ ಬೇಡದ, ಆದರೂ ಅವಸರಕ್ಕೆ ಒದಗುವ ಒಂದು ನಾಷ್ಟಾವನ್ನು ಇಲ್ಲೇ ಹೇಳಿಬಿಡುತ್ತೇನೆ. ಬಾರ್ಲಿಯನ್ನು ಪರಿಮಳ ಬರುವಂತೆ ಹುರಿದು ಪುಡಿ ಮಾಡಿ ಗಾಳಿಯಾಡದ ಡಬ್ಬದಲ್ಲಿಟ್ಟರೆ ತಲ್ಬೀನಾಕ್ಕೆ ಐದಾರು ನಿಮಿಷ ಸಾಕು. ಎರಡು ದೊಡ್ಡ ಚಮಚ ಪುಡಿಯನ್ನು ತಣ್ಣೀರಲ್ಲಿ ಕಲಸಿ, ಒಂದು ಲೋಟ ಹಾಲಿಗೆ ಹಾಕಿ ಕುದಿಸಿ, ಇಳಿಸಿದ ಮೇಲೆ ಸ್ವಲ್ಪ ಜೇನು. ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಬೇಡಿ. ಬಾರ್ಲಿ ಯುನಾನಿಯಲ್ಲಿ ತಂಪು ಗುಣದ್ದು. ಶೀತ ಹೆಚ್ಚಿರುವವರು ಏಲಕ್ಕಿ ಅಥವಾ ಒಣಶುಂಠಿ ಸೇರಿಸಿಕೊಳ್ಳಲಿ.

ತಪ್ಪುವುದು ಎರಡೇ ಕಡೆ

ಒಂದು, ಒಲೆಯಿಂದ ಇಳಿಸಿ ಫ್ರೀಝರ್‌ಗೆ ಹೋಗುವ ತನಕ. ಬೇಯಿಸಿದ್ದು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಏಪ್ರಿಲ್-ಮೇ ತಿಂಗಳ ನಮ್ಮ ಸೆಕೆಯಲ್ಲಿ ಒಂದೇ ಗಂಟೆ. ಹಾಗೆಂದು ಕುದಿಯುವ ಪಾತ್ರೆಯನ್ನು ಹಾಗೆಯೇ ಒಳಗಿಟ್ಟರೆ ಅಕ್ಕಪಕ್ಕದ ಪೊಟ್ಟಣಗಳು ಕರಗಲು ಶುರುವಾಗುತ್ತವೆ. ದೊಡ್ಡ ಪಾತ್ರೆಯ ಖೀಮಾವನ್ನು ಎರಡು ಮೂರು ಅಗಲ ತಟ್ಟೆಗಳಿಗೆ ತೆಳುವಾಗಿ ಹರಡಿ, ತಟ್ಟೆಯನ್ನು ತಣ್ಣೀರಿನ ಮೇಲಿಟ್ಟರೆ ಅರ್ಧ ಗಂಟೆಯಲ್ಲಿ ತಣಿಯುತ್ತದೆ.

ಅನ್ನ ಮತ್ತು ಅಕ್ಕಿಯ ತಿಂಡಿಗಳಲ್ಲಿ ಈ ಎಚ್ಚರ ಇನ್ನಷ್ಟು ಬೇಕು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಾಣುಗಳು ಇರುತ್ತವೆ. ಅನ್ನ ಬೆಂದರೂ ಅವು ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಇದ್ದಾಗ ಬೆಳೆದು ವಿಷ ಹುಟ್ಟಿಸುತ್ತವೆ. ಆ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ, ಫ್ರೀಝ್ ಮಾಡಿದರೂ ಹೋಗುವುದಿಲ್ಲ. ಮದುವೆ ಮನೆಯಿಂದ ಮಧ್ಯಾಹ್ನ ಬಂದ ಬಿರಿಯಾನಿಯನ್ನು ರಾತ್ರಿ ಫ್ರಿಜ್‌ಗಿಟ್ಟು, ಮರುದಿನ ಬೆಳಿಗ್ಗೆ ಚೆನ್ನಾಗಿ ಬಿಸಿ ಮಾಡಿ ತಿಂದು, ಕೆಲವೇ ಗಂಟೆಯಲ್ಲಿ ಮನೆಮಂದಿಯೆಲ್ಲ ವಾಂತಿ ಮಾಡಿಕೊಂಡು ಬರುವುದನ್ನು ನಾವು ಕಾಣುತ್ತೇವೆ. "ಬಿಸಿ ಮಾಡಿಯೇ ತಿಂದಿದ್ದು ಡಾಕ್ಟ್ರೇ" ಎಂದು ಅವರು ಹೇಳುವುದು ಸತ್ಯವೇ. ಕೆಟ್ಟದ್ದು ಬಿಸಿ ಮಾಡುವ ಹೊತ್ತಿನಲ್ಲಲ್ಲ, ಹಿಂದಿನ ಸಂಜೆ.

ರಮಝಾನ್‌ನಲ್ಲಿ ಇದೇ ತಪ್ಪು ಬೇರೆ ರೂಪದಲ್ಲಿ ಬರುತ್ತದೆ. ಇಫ್ತಾರ್‌ಗೆ ಮಾಡಿದ ಕೋಳಿ ಸಾರು ಒಲೆಯ ಮೇಲೆಯೇ ಸಹರಿಯ ತನಕ ಕಾಯುತ್ತದೆ. ನಡುವೆ ಎಂಟು ಒಂಬತ್ತು ಗಂಟೆ. ಇಫ್ತಾರ್ ಮುಗಿಸಿ ಮಗ್ರಿಬ್ ನಮಾಝ್ ಆದ ಮೇಲೆ, ತರಾವೀಹ್‌ಗೆ ಹೊರಡುವ ಮುನ್ನ ಸಹರಿಯ ಪಾಲನ್ನು ಬೇರೆ ಮಾಡಿ ಫ್ರಿಜ್‌ಗಿಡುವ ಅಭ್ಯಾಸ ಮನೆಯ ಯಾರಾದರೊಬ್ಬರು ವಹಿಸಿಕೊಳ್ಳಲಿ. ಅದು ಗಂಡಸರಿಗೂ ಆಗುವ ಕೆಲಸ.

ಎರಡನೆಯ ಕಡೆ, ಕರಗಿಸುವಾಗ. ರಾತ್ರಿ ಮಲಗುವ ಮುನ್ನ ಖೀಮಾದ ಪೊಟ್ಟಣವನ್ನು ಅಡುಗೆ ಕಟ್ಟೆಯ ಮೇಲಿಟ್ಟು ಬೆಳಿಗ್ಗೆ ಬಿಸಿ ಮಾಡುವುದು ಬಹಳ ಮನೆಗಳ ಪದ್ಧತಿ. ಹೊರಭಾಗ ನಡುರಾತ್ರಿಗೇ ಕರಗಿ ಬೆಚ್ಚಗಾಗಿರುತ್ತದೆ, ಒಳಗೆ ಇನ್ನೂ ಮಂಜು. ಆ ಹೊರಭಾಗದಲ್ಲಿ ನಾಲ್ಕೈದು ಗಂಟೆ ಸೂಕ್ಷ್ಮಾಣುಗಳಿಗೆ ಹಬ್ಬ. ರಾತ್ರಿ ಫ್ರೀಝರ್‌ನಿಂದ ಫ್ರಿಜ್‌ನ ಕೆಳಗಿನ ಅಂಕಣಕ್ಕೆ ಇಳಿಸಿದರೆ ಬೆಳಿಗ್ಗೆಗೆ ಕರಗಿರುತ್ತದೆ, ತಂಪಾಗಿಯೂ ಇರುತ್ತದೆ. ಮರೆತುಹೋದರೆ ಪೊಟ್ಟಣ ಬಿಡಿಸಿ ಸ್ವಲ್ಪ ನೀರಿನೊಂದಿಗೆ ನೇರ ಬಾಣಲೆಗೆ ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಬಿಡಿಸಿ. ಪಲ್ಯ, ಗಸಿಗಳು ಗುಳುಗುಳು ಕುದಿಯಬೇಕು. ಉಂಡೆ, ಕಬಾಬ್‌ಗಳ ನಡುಭಾಗ 75 ಡಿಗ್ರಿ ಮುಟ್ಟಬೇಕು. ಮನೆಯಲ್ಲಿ ಅಳೆಯುವುದು ಹೇಗೆಂದರೆ ಒಂದನ್ನು ಮುರಿದು ನೋಡಿ, ಒಳಗಿನಿಂದ ಹಬೆ ಏಳಬೇಕು. ಮೈಕ್ರೋವೇವ್ ಇದ್ದವರು ಪ್ಲಾಸ್ಟಿಕ್ ಡಬ್ಬದಲ್ಲಿ ಇಡದೆ ಗಾಜಿನ ಪಾತ್ರೆ ಬಳಸಿ, ನಡುವೆ ಒಮ್ಮೆ ನಿಲ್ಲಿಸಿ ಮಗುಚಿ, ಏಕೆಂದರೆ ಅದು ಒಂದೆಡೆ ಸುಟ್ಟು ಇನ್ನೊಂದೆಡೆ ತಣ್ಣಗೆ ಬಿಡುತ್ತದೆ. ಒಮ್ಮೆ ಕರಗಿಸಿ ಬಿಸಿ ಮಾಡಿದ್ದನ್ನು ಮತ್ತೆ ಫ್ರೀಝರ್‌ಗೆ ಹಾಕುವಂತಿಲ್ಲ. ಆದ್ದರಿಂದಲೇ ದೊಡ್ಡ ಡಬ್ಬಕ್ಕಿಂತ ಒಂದು ಹೊತ್ತಿನ ಸಣ್ಣ ಪೊಟ್ಟಣಗಳು ಮೇಲು.

ಮನೆಯೊಡತಿಯ ಪಾಲು

ಈ ಲೇಖನ ಬರೆಯಲು ನನ್ನನ್ನು ನಿಜವಾಗಿ ಒತ್ತಾಯಿಸಿದ್ದು ಮಕ್ಕಳಿಗಿಂತ ಹೆಚ್ಚಾಗಿ ತಾಯಂದಿರು. ನಲವತ್ತೈದು ದಾಟಿದ, ಸಕ್ಕರೆ ಕಾಯಿಲೆಯಿರುವ ಸಹೋದರಿಯರ ದಿನಚರಿ ಕೇಳಿದರೆ ಒಂದೇ ಉತ್ತರ ಬರುತ್ತದೆ. ಫಜ್ರ್ ನಮಾಝ್ ಆಯಿತು, ಮರೆಯಬಾರದೆಂದು ಮಾತ್ರೆ ತಿಂದಾಯಿತು, ಎಲ್ಲರನ್ನೂ ಕಳುಹಿಸಿ, ಪಾತ್ರೆ ತೊಳೆದು, ತಾನು ತಿನ್ನುವಾಗ ಹತ್ತು ಗಂಟೆ. ಸಕ್ಕರೆಯ ಮಾತ್ರೆಗಳಲ್ಲಿ ಗ್ಲಿಮೆಪಿರೈಡ್‌ನಂತಹವು ಆಹಾರದ ಜೊತೆಯಲ್ಲಿ ತಿನ್ನಬೇಕಾದವು. ತಿಂದು ಆಹಾರ ತಡ ಮಾಡಿದರೆ ರಕ್ತದಲ್ಲಿ ಸಕ್ಕರೆ ಇಳಿಯುತ್ತದೆ: ಕೈ ನಡುಕ, ಬೆವರು, ಎದೆಬಡಿತ, ಕಣ್ಣು ಮಂಜು, ಕೊನೆಗೆ ಎಚ್ಚರ ತಪ್ಪಿ ಬೀಳುವುದು. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಅಪಾಯ. ಇದನ್ನು ಗ್ಯಾಸ್ಟ್ರಿಕ್ ಎಂದೋ, ನಿತ್ರಾಣ ಎಂದೋ ತಿಳಿದು ಚಹಾ ಕುಡಿದು ಸುಮ್ಮನಾಗುವವರು ಬಹಳ.

ಸಕ್ಕರೆ ಇಳಿದ ಲಕ್ಷಣ ಕಂಡರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಯಿರಿ, ಕಾಲು ಗಂಟೆಯಲ್ಲಿ ಸರಿಯಾಗದಿದ್ದರೆ ಇನ್ನೊಮ್ಮೆ, ಆಮೇಲೆ ಆಹಾರ ತಿನ್ನಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಮಾತ್ರೆಯ ಹೊತ್ತನ್ನು ನಿಮ್ಮ ವೈದ್ಯರ ಬಳಿ ಮಾತಾಡಿ ನಾಷ್ಟಾದ ಹೊತ್ತಿಗೆ ಹೊಂದಿಸಿಕೊಳ್ಳಿ. ತಾವಾಗಿ ಬಿಡುವುದೂ ಬೇಡ, ಬದಲಿಸುವುದೂ ಬೇಡ.

ಫ್ರೀಝರ್‌ನಲ್ಲಿ ಮಕ್ಕಳ ಹೆಸರಿನ ಪೊಟ್ಟಣಗಳ ಜೊತೆ ತನ್ನ ಹೆಸರಿನದ್ದೂ ಒಂದಿರಲಿ. ಒಂದು ಮೆಂತೆ ಚಪಾತಿ, ಒಂದು ಸಣ್ಣ ಕವರ್ ಕಡಲೆ ಅಥವಾ ಎರಡು ಶಾಮಿ. ಮಕ್ಕಳದ್ದನ್ನು ಬಿಸಿ ಮಾಡುವಾಗಲೇ ಅದೂ ಬಿಸಿಯಾಗುತ್ತದೆ, ಏಳೂವರೆಗೆ ಐದು ನಿಮಿಷ ಕುಳಿತು ತಿಂದಾಗುತ್ತದೆ. ಬೇಯಿಸಿ ತಣಿಸಿದ ಅಕ್ಕಿ, ಗೋಧಿಯ ಪಿಷ್ಟದ ಒಂದು ಪಾಲು ಬೇಗ ಜೀರ್ಣವಾಗದ ರೂಪಕ್ಕೆ ತಿರುಗುತ್ತದೆ, ಹಾಗಾಗಿ ಸಕ್ಕರೆ ಸ್ವಲ್ಪ ನಿಧಾನ ಏರುತ್ತದೆ ಎಂಬುದು ನಿಜ. ಆದರೆ ಆ ವ್ಯತ್ಯಾಸ ಸಣ್ಣದು. ಫ್ರೀಝರ್ ಪುಂಡಿ ಎಂದು ಎರಡರ ಜಾಗದಲ್ಲಿ ಐದು ತಿಂದರೆ ಲೆಕ್ಕ ತಲೆಕೆಳಗಾಗುತ್ತದೆ.

ವಾರದ ಎಲ್ಲ ದಿನವೂ ಫ್ರೀಝರ್‌ನಿಂದಲೇ ತಿನ್ನಿ ಎಂದು ನಾನು ಹೇಳುವುದಿಲ್ಲ. ಮೂರು ದಿನ ಸಾಕು. ಐದು ಜನರ ಮನೆಗೆ ಎರಡು ಬೆಳಗಿಗಾಗುವಷ್ಟು ಪುಂಡಿ, ಒಂದು ಬೆಳಗಿಗೆ ಹತ್ತು ಹನ್ನೆರಡು ಚಪಾತಿ, ಎರಡು ಪೊಟ್ಟಣ ಕಾಳು, ಒಂದು ಡಬ್ಬ ಶಾಮಿ: ರಜೆಯ ಮಧ್ಯಾಹ್ನ ಎರಡೂವರೆ ಗಂಟೆ ಇಬ್ಬರು ಕೈ ಹಾಕಿದರೆ ಆಗುತ್ತದೆ. ಉಳಿದ ದಿನ ಹೊಸದಾಗಿ ಮಾಡಿ. ಹಾಲು ಬಿಡಿಸುವ ಹಂತದ ಮಗುವಿಗೆ, ಕಾಯಿಲೆಯಿಂದ ಎದ್ದವರಿಗೆ, ಹಲ್ಲಿಲ್ಲದ ಹಿರಿಯರಿಗೆ ಆ ದಿನ ಮಾಡಿದ ಗಂಜಿಯೇ ಹಿತ. ಗರ್ಭಿಣಿಯರು ಫ್ರೀಝರ್‌ನದ್ದನ್ನು ತಿನ್ನಬಹುದು, ಹಬೆ ಏಳುವಂತೆ ಬಿಸಿಯಾಗಿದ್ದರೆ ಮಾತ್ರ.

ಮಳೆಗಾಲದ ಕರೆಂಟ್

ಜೂನ್ ಬಂದರೆ ನಮ್ಮ ಕಡೆ ಕಂಬ ಉರುಳಿ ಒಂದು ದಿನ, ಎರಡು ದಿನ ಕರೆಂಟ್ ಇಲ್ಲದಿರುವುದು ಹೊಸತಲ್ಲ. ಬಾಗಿಲು ತೆರೆಯದೇ ಇದ್ದರೆ ತುಂಬಿದ ಫ್ರೀಝರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಂಪು ಹಿಡಿಯುತ್ತದೆ. ಇದು ದೊಡ್ಡ ಫ್ರೀಝರ್‌ಗಳ ಮಾತು; ಒಂದೇ ಬಾಗಿಲಿನ ಫ್ರಿಜ್‌ನ ಪೆಟ್ಟಿಗೆಗೆ ಅಷ್ಟು ಸಾಮರ್ಥ್ಯ ಇಲ್ಲ, ಅರ್ಧ ದಿನ ಕಳೆದರೆ ಒಳಗಿದ್ದುದನ್ನು ಪರೀಕ್ಷಿಸಬೇಕು. ಮೇಲೆ ಇನ್ನೂ ಮಂಜಿನ ಹರಳು ಇದ್ದು ಗಟ್ಟಿಯಿದ್ದರೆ ಉಳಿಸಬಹುದು. ಪೂರ್ತಿ ಮೆತ್ತಗಾಗಿದ್ದರೆ, ಇನ್ನೂ ಫ್ರಿಜ್‌ನಷ್ಟು ತಂಪಿದ್ದಲ್ಲಿ ಅಂದೇ ಕುದಿಸಿ ತಿನ್ನಬೇಕು. ಬೆಚ್ಚಗಾಗಿದ್ದರೆ ಎಸೆಯಬೇಕು, ವಾಸನೆ ಬರದಿದ್ದರೂ.

ನೆಂಟರ ಮನೆಗೆ ಹೋಗಿ ಮರಳಿದಾಗ ನಡುವೆ ಕರೆಂಟ್ ಹೋಗಿತ್ತೋ ಇಲ್ಲವೋ ತಿಳಿಯುವುದು ಹೇಗೆ? ಒಂದು ಸಣ್ಣ ಲೋಟದಲ್ಲಿ ನೀರು ಇಟ್ಟು ಮಂಜುಗಡ್ಡೆ ಮಾಡಿ, ಅದರ ಮೇಲೆ ಒಂದು ನಾಣ್ಯ ಇಟ್ಟು ಫ್ರೀಝರ್‌ನಲ್ಲೇ ಬಿಡಿ. ಮರಳಿದಾಗ ನಾಣ್ಯ ಮೇಲೆಯೇ ಇದ್ದರೆ ಏನೂ ಆಗಿಲ್ಲ. ನಡುವಿಗೆ ಇಳಿದಿದ್ದರೆ ಅರ್ಧ ಕರಗಿ ಮತ್ತೆ ಗಟ್ಟಿಯಾಗಿದೆ. ತಳದಲ್ಲಿದ್ದರೆ ಎಲ್ಲವೂ ಕರಗಿ, ಕರೆಂಟ್ ಬಂದ ಮೇಲೆ ಮತ್ತೆ ಹೆಪ್ಪುಗಟ್ಟಿದೆ. ಹೊರನೋಟಕ್ಕೆ ಪುಂಡಿ, ಖೀಮಾ ಎಲ್ಲ ಚೆನ್ನಾಗಿಯೇ ಕಾಣುತ್ತದೆ, ಆದರೆ ಆ ಪೊಟ್ಟಣಗಳನ್ನು ಮಕ್ಕಳ ತಟ್ಟೆಗೆ ಹಾಕಬಾರದು. ನಾಣ್ಯ ನಡುವಿಗೆ ಇಳಿದಿದ್ದಾಗಲೂ ಖೀಮಾ, ಶಾಮಿ, ತೆಂಗಿನ ತುರಿಗಳನ್ನು ಬಿಟ್ಟುಬಿಡುವುದೇ ಸರಿ.